ರೆಕ್ಕೆಯಿಲ್ಲದವಳ ಹೆಸರು

ಬಾಡಿಗೆ ಕೋಣೆ, ಮೂರನೇ ಮಹಡಿ
ಮಾರ್ಚ್ ೯, ರಾತ್ರಿ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕತ್ತು ನೋವು ಇಳೀತಾ? ಹೊಲಿಗೆ ಮಿಷನ್‌ಗೆ ಎತ್ತರದ ಕುರ್ಚಿ ತಗೋ ಅಂತ ಬಾಯಿ ನೋಯೋ ಹಾಗೆ ಹೇಳಿದೀನಿ, ನೀನು ಕೇಳಲ್ಲ. ಈ ಪರದೇಶದಲ್ಲಿ ನಾನು ಚೆನ್ನಾಗಿದೀನಿ. ಬರೆಯೋಕೆ ಕೂತ್ರೆ ಕಾಲು ನಿಲ್ಲಲ್ಲ, ಅದಕ್ಕೇ ಕೋಣೇಲಿ ಓಡಾಡ್ಕೊಂಡು ಕಾಗದಾನ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತಿದೀನಿ. ಅಪ್ಪ ಪಕ್ಕದಲ್ಲಿದ್ರೆ ಸೌಂಡ್ ಕಮ್ಮಿ ಮಾಡು.

ಇವತ್ತು ಮ್ಯೂಸಿಯಂನಲ್ಲಿ ದೊಡ್ಡ ಸಾಹೇಬ್ರ ಹತ್ರ ಜಗಳ ಆಯ್ತು. ಗಾಬರಿ ಆಗ್ಬೇಡ, ಪೂರ್ತಿ ಕೇಳು. ನಾವು ಹೆಸರು ಹುಡುಕಿ ಜೋಡಿಸಿಡೋ ಹುಳಗಳಲ್ಲಿ ಒಂದು ಕಣಜ ಇದೆ. ಗಂಡಿಗೆ ಕಪ್ಪು ರೆಕ್ಕೆ, ಒಳ್ಳೇ ಠೀವಿ. ಹೆಣ್ಣಿಗೆ ರೆಕ್ಕೇನೇ ಇಲ್ಲ, ಕೆಂಪು ಕೂದಲಿನ ಇರುವೆ ಥರ ನೆಲದ ಮೇಲೆ ಓಡಾಡುತ್ತೆ. ಹಿಂದಿನವರು ಎರಡೂ ಬೇರೆ ಬೇರೆ ಜೀವಿ ಅಂದ್ಕೊಂಡು, ಎರಡು ಹೆಸರಿಟ್ಟು, ಎರಡು ಡ್ರಾಯರಲ್ಲಿ ಪಿನ್ನು ಚುಚ್ಚಿಟ್ಟಿದ್ರು. ಗಂಡ ಹೆಂಡತಿ ಒಂದೇ ಬೀರುವಲ್ಲಿದ್ರೂ ಮುಖ ನೋಡಿಲ್ಲ, ಪಾಪ! ಹೋದ ತಿಂಗಳು ಕೂಡ್ಕೊಂಡಿದ್ದ ಜೋಡೀನೇ ನನ್ನ ಬಲೆಗೆ ಬಿತ್ತು. ಎರಡೂ ಒಂದೇ ಜಾತಿ ಅಂತ ಸಾಹೇಬ್ರೂ ಒಪ್ಪಿ ಬೆನ್ನು ತಟ್ಟಿದ್ರು. ಹೆಸರಿನ ಮಾತು ಬಂತು ನೋಡು, ಹುಬ್ಬು ಗಂಟಿಕ್ಕಿದ್ರು. ಮೊದಲು ಅಚ್ಚಾದ ಹೆಸರೇ ಉಳೀಬೇಕು ಅನ್ನೋದು ನಮ್ಮ ನಿಯಮ. ಮೊದಲು ಅಚ್ಚಾಗಿದ್ದು ಹೆಣ್ಣಿನ ಹೆಸರು. ಗಂಡಿನದು ಆಮೇಲೆ ಸಾಹೇಬ್ರ ಗುರುಗಳು ಇಟ್ಟಿದ್ದು. "ಆ ಇರುವೆ ಹೆಸರು ಯಾರಿಗಯ್ಯಾ ಗೊತ್ತು? ಗುರುಗಳದ್ದೇ ಇರ್ಲಿ, ವಿನಾಯಿತಿ ಕೇಳೋಣ. ನಿನ್ನ ಕೆಲಸ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ, ನೆನಪಿರ್ಲಿ" ಅಂದ್ರು.

"ಹೊಂದ್ಕೊಂಡು ಹೋಗೋ ಮಗಾ" ಅಂತೀಯಲ್ಲ ನೀನು, ಆಗ್ಲಿ ಸಾರ್ ಅಂತ ನಾಲಿಗೆ ತುದಿವರೆಗೂ ಬಂದಿತ್ತು. ಆಗ ನಮ್ಮ ಅಂಗಡಿ ನೆನಪಾಯ್ತಮ್ಮಾ. ಅಡುಗೆಮನೆ ಮೂಲೇಲಿ ಮಿಷನ್ ಹಾಕ್ಕೊಂಡು ಶುರು ಮಾಡಿದ್ದು ನೀನು. ಇಡೀ ಬೀದಿ "ಸೂಜಿಯಕ್ಕನ ಅಂಗಡಿ" ಅಂತಿತ್ತು. ಅಪ್ಪ ಕೆಲಸ ಬಿಟ್ಟು ಬಂದು ಗಲ್ಲಾಪೆಟ್ಟಿಗೆ ಮುಂದೆ ಕೂತ್ರು, ಬೋರ್ಡ್ ಏರಿತು. ಅವರ ಹೆಸರು, ಪಕ್ಕದಲ್ಲಿ "ಅಂಡ್ ಸನ್ಸ್". ಯಾವ ಸನ್ಸಮ್ಮಾ? ಇರೋನು ನಾನೊಬ್ಬ, ಗುಂಡಿ ಹಾಕೋಕೂ ಬರಲ್ಲ! ಅವತ್ತೂ ನೀನು ಹೊಂದ್ಕೊಂಡೆ. ಅದೇ ಬೋರ್ಡ್ ಕೆಳಗೆ ತಲೆ ಬಗ್ಗಿಸಿ ಕಾಜಾ ಹೊಲೀತಾ ಕೂತೆ.

ಆಗಲ್ಲ ಅಂದೆ. ಸಾಹೇಬ್ರ ಮುಖ ನೋಡ್ಕೊಂಡೇ ಅಂದೆ. ಹೆಣ್ಣು ಕಣಜದ ಹೆಸರನ್ನೇ ಉಳಿಸಿ ಪತ್ರಿಕೆಗೆ ಲೇಖನ ಕಳಿಸಿಯೂ ಆಯ್ತು. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ, ಈ ದೇಶದಲ್ಲಿ ಇರೋಕೂ ಬಿಡಲ್ಲ, ಗೊತ್ತು. ಹೋದ್ರೆ ಹೋಗ್ಲಿ. ಪಿನ್ನು ಹಿಡಿದ ಕೈಗೆ ಇನ್ನೊಂದು ಬೀರು ಸಿಗುತ್ತೆ.

ಅಪ್ಪನಿಗೆ ನಮಸ್ಕಾರ ಹೇಳು. ನನಗೆ ನಿನ್ನ ಆಶೀರ್ವಾದ ಬೇಕು, ಬುದ್ಧಿಮಾತು ಬೇಡ.

ನಿನ್ನ ಮಗ,
ಬೋರ್ಡಿನ ಮೇಲಿರೋ ಅಷ್ಟೂ ಸನ್ಸ್

ಮರೆತಿದ್ದೆ: ಅಪ್ಪ ಬೋರ್ಡಿಗೆ ಹೊಸ ಬಣ್ಣ ಹೊಡೆಸ್ತಾರೆ ಅಂದ್ಯಲ್ಲ, ಪೇಂಟರ್ ಮಾಮನ ಹತ್ರ ಮಾತಾಡಿದೀನಿ. ನಾಳೆ ಬೆಳಿಗ್ಗೆ ಬರ್ತಾರೆ, "ಸೂಜಿಯಕ್ಕನ ಅಂಗಡಿ" ಅಂತಲೇ ಬರೀತಾರೆ. ಅಪ್ಪ ಕೂಗಾಡಿದ್ರೆ, ಅವರ ಹೆಸರೂ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ ಅನ್ನು. ಆಮೇಲೆ ಬಂದ ಹೆಸರನ್ನ ಮ್ಯೂಸಿಯಂನಲ್ಲಿ ನಾವೂ ಹಾಗೇ ಬರೆಯೋದು. ಏಣಿ ಮಾತ್ರ ನೀನೇ ಹಿಡ್ಕೋ, ಅಪ್ಪನ ಕೈಗೆ ಕೊಡ್ಬೇಡ.