ಹಗ್ಗ ಹಿಡಿಯದವರಿಗೆ ಪಾಲಿಲ್ಲ

ಸ್ಮಾರಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮರವಂತೆಯ ಕಡಲ ದಡದಲ್ಲಿ ನಮ್ಮ ಕೇರಿಗೆ ಉಳಿದಿರುವ ಒಂದೇ ಒಂದು ಮರಳಿನ ತುಂಡನ್ನು ನೀವು ಕುಸುಮಾವತಿಯವರ ಹೆಸರು ಹೇಳಿ ಕಿತ್ತುಕೊಳ್ಳಲು ಹೊರಟಿದ್ದೀರಿ. ನಾವು ಕೊಡುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಉಳಿದದ್ದನ್ನು ನೀವು ಚಹಾ ಕುಡಿಯುತ್ತಾ ಸಾವಕಾಶವಾಗಿ ಓದಬಹುದು.

ಕುಸುಮಾವತಿಯವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಆಮಂತ್ರಣದಲ್ಲಿ ಅವರ ಬಿರುದುಗಳಿಗೇ ಅರ್ಧ ಪುಟ ಹೋಗಿದೆ. ಈ ಬಹಿರಂಗ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಅವರು ಬಸ್ರೂರಿನ ವ್ಯಾಪಾರಿ ಮನೆತನದ ಮಗಳು. ಸಮಾಜ ಮಾನವಶಾಸ್ತ್ರ ಕಲಿತವರೆಲ್ಲ ದೂರದ ಕಾಡುಗುಡ್ಡಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಅವರು ತಮ್ಮ ಊರಿಂದ ಸ್ವಲ್ಪ ದೂರದ ಮೀನುಗಾರರ ಕೇರಿಗೆ ಬಂದರು. ಹತ್ತಿರದವರ ಬದುಕೂ ಅಧ್ಯಯನಕ್ಕೆ ಯೋಗ್ಯವೆಂದು ಹಟ ಹಿಡಿದ ಮೊದಲಿಗರಲ್ಲಿ ಅವರೂ ಒಬ್ಬರು. ನನ್ನ ಅಜ್ಜಿ ನಾಗುವಿನ ಮನೆಯಲ್ಲಿ ವರ್ಷಗಟ್ಟಲೆ ಉಳಿದರು. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ನಮ್ಮ ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳುತ್ತಿದ್ದರು, ಕೇರಿಯವರು ತಕರಾರು ತೆಗೆದರೆ ಮತ್ತೆ ಯೋಚಿಸುತ್ತಿದ್ದರು. ನೀವು ನಿಮ್ಮ ಸ್ಮಾರಕದ ನಕ್ಷೆಯನ್ನು ಯಾವ ಜಗಲಿಯಲ್ಲಿ ಓದಿ ಹೇಳಿದಿರಿ? ನಮಗೆ ಅದು ಗೊತ್ತಾದದ್ದು ಆಮಂತ್ರಣ ಕೈಗೆ ಬಂದ ಮೇಲೆ.

ಅವರು ಜೀವಮಾನವಿಡೀ ಬರೆದದ್ದು ನಮ್ಮ ಕೈರಂಪಣಿಯ ಬಗ್ಗೆ. ದೋಣಿಯವರು ಉದ್ದನೆಯ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಅದರ ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಜನ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಮೀನಿನಲ್ಲಿ ಪಾಲುಂಟು, ಜಾತಿ ಊರು ಕೇಳುವ ಕ್ರಮವಿಲ್ಲ. ಕುಸುಮಾವತಿಯವರು ಮೊದಲ ದಿನ ದೂರ ನಿಂತು ಬರೆದುಕೊಳ್ಳುತ್ತಿದ್ದರಂತೆ. ಓದಿದ ಹೆಂಗಸು, ಊರಿಗೆ ಬಂದ ಅತಿಥಿ ಎಂದು ಯಾರೋ ಅವರಿಗೊಂದಿಷ್ಟು ಬಂಗುಡೆ ಕೊಟ್ಟರು. ಅಜ್ಜಿ ನೇರ ಹೋಗಿ ಅದನ್ನು ವಾಪಸ್ ತೆಗೆದುಕೊಂಡಳು.

“ಅಮ್ಮ, ಬರ್ಕಂಡ್ ನಿಂತವ್ರಿಗೆ ಪಾಲಿಲ್ಲೆ. ನಾಳೆ ಹಗ್ಗ ಹಿಡ್ಕಣಿ, ನಾನೇ ಬುಟ್ಟಿಗ್ ಹಾಕ್ತೆ.”

ಮರುದಿನ ಅವರು ಸೀರೆ ಎತ್ತಿ ಕಟ್ಟಿ ಹಗ್ಗ ಹಿಡಿದರು. ಅಂಗೈ ಸುಲಿದುಹೋಯಿತು, ಪಾಲೂ ಬಂತು. ತನ್ನ ವಿದ್ಯೆ ಶುರುವಾದದ್ದೇ ಆ ವಾಪಸ್ ಹೋದ ಮೀನಿನಿಂದ ಎಂದು ಮುಪ್ಪಿನಲ್ಲೂ ಹೇಳಿ ನಗುತ್ತಿದ್ದರು.

ಈಗ ನಿಮ್ಮ ಯೋಜನೆಗೆ ಬರೋಣ. ಕಡಲ್ಕೊರೆತ ತಡೆಯಲೆಂದು ನಮ್ಮ ದಡದ ಉದ್ದಕ್ಕೂ ಬಂಡೆ ಸುರಿದಾಗಿದೆ. ಬಂಡೆಯ ಮೇಲೆ ಬಲೆ ಎಳೆದರೆ ಚಿಂದಿಯಾಗುತ್ತದೆ. ಬಲೆ ಎಳೆಯಲು ಮರಳು ಉಳಿದಿರುವುದು ನಿಮ್ಮ ಕಣ್ಣಿಗೆ ಬಿದ್ದ ಆ ಜಾಗದಲ್ಲಿ ಮಾತ್ರ. ಅಲ್ಲಿ ನೀವು ಸಿಮೆಂಟಿನ ಹೆಂಗಸರನ್ನು ನಿಲ್ಲಿಸಿ, ಅವರ ಕೈಗೆ ಸಿಮೆಂಟಿನ ಹಗ್ಗ ಕೊಟ್ಟು, ಸುತ್ತ ಬೇಲಿ ಹಾಕುತ್ತೀರಂತೆ. ಎಷ್ಟು ಅನುಕೂಲ ನೋಡಿ, ಅವರು ಪಾಲು ಕೇಳುವುದಿಲ್ಲ. ಶಂಕುಸ್ಥಾಪನೆಗೆ ನಾವು ಸಾಂಪ್ರದಾಯಿಕ ಉಡುಗೆಯಲ್ಲಿ ಬಂದು ಪಕ್ಕದಲ್ಲಿ ನಿಲ್ಲಬೇಕೆಂದೂ ಬರೆದಿದ್ದೀರಿ. ಯಾವ ಉಡುಗೆ ಸ್ವಾಮಿ? ನನ್ನ ತಮ್ಮ ಯತೀಶ ಬಲೆ ಎಳೆಯುವುದು ಬರ್ಮುಡಾ ಚಡ್ಡಿಯಲ್ಲಿ.

ಯಾತಕ್ಕೆಂದು ಹೇಳದೆ ಅಳತೆಗೆ ಬಂದಿದ್ದ ನಿಮ್ಮವರು ನಕ್ಷೆಯಲ್ಲಿ ‘ಖಾಲಿ ಜಾಗ’ ಎಂದು ಬರೆದುಕೊಂಡಾಗ ಅವನು ಅಲ್ಲೇ ಇದ್ದ. “ಹ್ವಾಯ್, ಇದ್ ಖಾಲಿ ಜಾಗ ಅಲ್ಲ. ಮೀನ್ ಬಪ್ಪುತನಕ ಹೀಂಗೇ ಇಪ್ಪುದ್. ಬಂದ ದಿನ ಕಾಣ್ಕ್ ನೀವ್” ಎಂದ. “ಈಗ ಯಾರೂ ಇಲ್ಲವಲ್ಲ” ಎಂದು ಅವರು ಟೇಪು ಸುತ್ತಿಕೊಂಡು ಹೋದರು.

ಯಾರೂ ಇಲ್ಲದ ಆ ಜಾಗದಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಕಡಲಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ. ಮನೆಯಲ್ಲಿ ದುಡಿಯುವ ಗಂಡಸು ಬೇರೆ ಇರಲಿಲ್ಲ, ನಾನೂ ಯತೀಶನೂ ಚಿಕ್ಕವರು. ಸೂತಕ ಕಳೆದ ಮೇಲೆ ಅಮ್ಮ ಅಲ್ಲಿಗೆ ಹೋಗಿ ಹಗ್ಗದ ಸಾಲಿನಲ್ಲಿ ನಿಂತಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಮುಂದಿದ್ದವರು ಸ್ವಲ್ಪ ಸರಿದು ಅವಳ ಕೈಗೆ ಹಗ್ಗ ಬಿಟ್ಟರು. ಆ ಮೀನು ಮಾರಿ ಅಮ್ಮ ನಮ್ಮನ್ನು ಓದಿಸಿದಳು. ನಾವು ಯಾರ ಮುಂದೆಯೂ ಕೈ ಚಾಚದೆ ದೊಡ್ಡವರಾದೆವು. ದೋಣಿಯಿಲ್ಲದವರು, ಗಂಡ ಸತ್ತವರು, ವಯಸ್ಸಾದವರು ಇಂದಿಗೂ ಅದೇ ಸಾಲಿಗೆ ಬರುತ್ತಾರೆ. ನಿಮ್ಮ ಬೇಲಿ ಬಂದ ಮೇಲೆ ಅವರೆಲ್ಲ ಎಲ್ಲಿ ಹೋಗಿ ನಿಲ್ಲಬೇಕು?

ಆದ್ದರಿಂದ ಆ ನಕ್ಷೆಯನ್ನು ಹಿಂದಕ್ಕೆ ಪಡೆಯಿರಿ. ಹಾಗೆ ಪಡೆದೆವೆಂದು ಬರೆದು, ನಮ್ಮ ಜಗಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಓದಿ ಹೇಳಿ. ಸ್ಮಾರಕ ಬೇಕೇ ಬೇಕೆಂದಿದ್ದರೆ ಬೇರೆಲ್ಲಾದರೂ ಕಟ್ಟಿ, ಕಲ್ಲು ಹೊರಲು ನಾವೂ ಬರುತ್ತೇವೆ. ಅದಾಗದಿದ್ದರೆ ನಿಮ್ಮ ಶಂಕುಸ್ಥಾಪನೆಯ ದಿನ ಅದೇ ಮರಳಿನಲ್ಲಿ ಬಲೆ ಎಳೆಯುತ್ತಿರುತ್ತೇವೆ. ಹಗ್ಗದಲ್ಲಿ ನಿಮಗೂ ಒಂದು ಜಾಗ ಬಿಟ್ಟಿರುತ್ತೇವೆ. ಹಿಡಿದರೆ ನಿಮ್ಮ ಪಾಲು ಕೊಟ್ಟೇ ಕಳಿಸುತ್ತೇವೆ. ಕೊಡೆಯ ಕೆಳಗೆ ನಿಂತು ನೋಡುವುದಾದರೆ, ಕೈಯಿಂದ ಮೀನು ವಾಪಸ್ ತೆಗೆದುಕೊಳ್ಳಲು ಈಗ ನಾಗಜ್ಜಿ ಇಲ್ಲ. ನಾನಿದ್ದೇನೆ.

ಇಂತಿ,
ನಿಮ್ಮ ಖಾಲಿ ಜಾಗದಲ್ಲಿ ನಿಂತಿರುವ, ನಿಮ್ಮ ನಕ್ಷೆಯಲ್ಲಿ ಕಾಣದ
ವನಜ
ಮರವಂತೆ