ಕೈಗವಸಿನೊಳಗಿನ ಬೆರಳು

ಜುಲೈ ೧೪, ಸೋಮವಾರ

ಇಂದು ನಾನು ಕೆಲಸ ಮಾಡುವ ಪಾರ್ಲರಿಗೆ ಬಂದಿದ್ದ ಟೀಚರಮ್ಮ, ಕೈಗವಸು ಹಾಕುವ ಮುನ್ನವೇ ನನ್ನ ಕೈ ನೋಡಿ ಹಿಂದೆ ಸರಿದರು. "ಬೇಜಾರು ಮಾಡ್ಕೋಬೇಡಮ್ಮ, ತಲೆ ಬೇರೆಯವರು ತೊಳೀಲಿ." ಇದು ಎಕ್ಸಿಮಾ, ಚರ್ಮ ಒಣಗಿ ಬಿರಿಯುವ ಕಾಯಿಲೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಾನು ಟವೆಲು ಮಡಚಿಟ್ಟು ಪಕ್ಕಕ್ಕೆ ಸರಿದೆ.

ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಬಿರುಕು. ಗಿರಾಕಿಗಳ ಕೂದಲಿಗೆ ಹಚ್ಚುವ ಬಣ್ಣದ ಕೊಳೆಯೆಂದುಕೊಂಡು ಬಿಸಿನೀರಿನಲ್ಲಿ ಉಜ್ಜಿದೆ, ಪೆದ್ದಿ! "ಉಜ್ಜಿದಷ್ಟೂ ಒಡೆಯುತ್ತೆ ಕಣಮ್ಮ," ಎಂದರು ಡಾಕ್ಟರು. ಈಗ ಶಾಂಪೂ ಮುಟ್ಟುವಾಗ ರಬ್ಬರಿನ ಕೈಗವಸು. ರಾತ್ರಿ ಮಲಗುವಾಗ ಮುಲಾಮು ದಪ್ಪಗೆ ಬಳಿದು, ಮೇಲೆ ಹತ್ತಿಬಟ್ಟೆಯ ಕೈಗವಸು.

ತುರಿಕೆ ಕಡಿಮೆಯಾಗಿದೆ. ಖುಷಿಪಡಬೇಕಿತ್ತು. ಆದರೆ ನನ್ನ ಕಿರುಬೆರಳು ಹಿಡಿಯದೆ ಮಗಳು ಎಂದೂ ಮಲಗಿದವಳಲ್ಲ. ಈಗಷ್ಟೇ ನಿದ್ದೆಗಣ್ಣಿನಲ್ಲಿ ತಡಕಾಡಿದಳು. ಕೈಗೆ ಬಟ್ಟೆ ಸಿಕ್ಕಿತು. ಅದುಮಿ ನೋಡಿ ಬಿಟ್ಟುಬಿಟ್ಟಳು. "ಅಮ್ಮಾ, ಎಲ್ಲಿದೀಯಾ?" ಎನ್ನುತ್ತ ಹಾಸಿಗೆಯೆಲ್ಲ ಹುಡುಕಿದಳು.

ನಾನು ಪಕ್ಕದಲ್ಲೇ ಇದ್ದೆ.