ಮಲಗಿಸಿದ ಪಟ್ಟದ ಗೊಂಬೆ

ಮಂಡಿ ಮೊಹಲ್ಲಾ ಶಾಲೆಯಿಂದ, ಮೈಸೂರು
ಅಕ್ಟೋಬರ್ ೨೪, ಗುರುವಾರ

ಪೂಜ್ಯ ಅತ್ತೆಗೆ ನಿಮ್ಮ ಸೊಸೆ ರಂಜನಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋಗಿ ನೀವೇ ಹಾಸಿಗೆ ಹಿಡಿದೀರಿ ಎಂಬ ಭಯ ನನಗೆ. ಮಗುವಿಗೆ ನೀರೆರೆಯಲು ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಪುಟ್ಟಿ ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಲ್ಲರಿಗೂ ಜಾಗರಣೆ ಮಾಡಿಸುತ್ತಾಳಂತೆ. ಸೋದರಮಾವನ ಗುಣವೇ ಬಂದಿದೆ ಬಿಡಿ. ಇವತ್ತಿನ ರೈಲಿಗೆ ಹೊರಡುವ ನಿಮ್ಮ ಮಗನ ಕೈಲಿ ಅಂಟಿನುಂಡೆ, ಮೆಂತ್ಯದ ಹಿಟ್ಟು ಕಳಿಸುತ್ತಿದ್ದೇನೆ, ಜೊತೆಗೆ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀರಿ, ಇದು ಬಾಣಂತಿಯ ಕಿವಿಗೆ ಬೀಳಬೇಕಾದ ಸುದ್ದಿಯಲ್ಲ.

ನಮ್ಮ ಶಾಲೆಯ ಗೊಂಬೆಗಳ ವಿಷಯ ನಿಮಗೆ ಗೊತ್ತೇ ಇದೆ. ಸರ್ಕಾರಿ ಶಾಲೆಯ ಮಕ್ಕಳಿಂದ ಏನಾದರೂ ಹೊಸದು ಮಾಡಿಸುವ ಮೇಷ್ಟ್ರುಗಳಿಗೆ ಒಂದು ಟ್ರಸ್ಟಿನವರು ಸಣ್ಣ ಅನುದಾನ ಕೊಡುತ್ತಾರೆ, ಅದಕ್ಕೆ ಅರ್ಜಿ ಹಾಕು ಎಂದು ಹುರಿದುಂಬಿಸಿದವರೇ ನೀವು. ಎಲ್ಲರ ಮನೆಯಲ್ಲೂ ರಾಮ ಸೀತೆಯರನ್ನು ಕೂರಿಸುತ್ತಾರೆ, ನಿನ್ನ ಮಕ್ಕಳು ಅವರ ಬೀದಿಯವರನ್ನೇ ಕೂರಿಸಲಿ ಎಂದಿರಿ. ದುಡ್ಡು ಬಂದ ಮೇಲೆ ಕುಂಬಾರಗೇರಿಯಿಂದ ಜೇಡಿಮಣ್ಣು ತಂದೆವು, ಹಲಗೆಯ ಮೆಟ್ಟಿಲು ಮಾಡಿಸಿದೆವು. ದಸರಾ ರಜೆ ಮುಗಿಸಿ ಬಂದ ಐದನೇ ಕ್ಲಾಸಿನ ಮಕ್ಕಳು ಬೆಲ್ಲದ ಅಂಗಡಿಯವರು, ಟಿಂಕರಿಂಗ್ ಸಾಬರು, ಹೂವಿನಜ್ಜಿ ಎಲ್ಲರನ್ನೂ ಮಾಡಿದರು. ಕೊನೆಗೆ ಪಟ್ಟದ ಗೊಂಬೆ ಯಾರು ಎಂಬ ಜಗಳ ಶುರುವಾಯಿತು. ರಾಜ ರಾಣಿ ಇಲ್ಲದೆ ಗೊಂಬೆ ಕೂರಿಸುವುದುಂಟೇ?

ಅದನ್ನು ಬಗೆಹರಿಸಿದವಳು ಶಿವಾನಿ. ಅವಳಪ್ಪ ಬೀರೇಶ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಆಷಾಢದಲ್ಲಿ ತೀರಿಕೊಂಡ. ಆವತ್ತಿನಿಂದ ತುಟಿ ಬಿಚ್ಚದಿದ್ದ ಹುಡುಗಿ ಅಪ್ಪ ಅಮ್ಮನನ್ನೇ ರಾಜ ರಾಣಿ ಮಾಡಿ ತಂದು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿದಳು. ಅಪ್ಪನ ಮೂಟೆ ಎಲ್ಲಿ ಎಂದು ಕೇಳಿದೆ. "ರಾಜ ಮೂಟೆ ಹೊರ್ತಾನಾ ಮಿಸ್?" ಅಂದಳು. ಅತ್ತೆ, ಅವಳ ದನಿ ಹೇಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಮಕ್ಕಳೆಲ್ಲ ಸೇರಿ ಆರತಿ ಎತ್ತಿದರು, ನಾನು ಕಣ್ಣೊರೆಸಿಕೊಂಡೆ.

ಆಮೇಲೆ ಆದದ್ದು ನನ್ನ ಕೈಯಿಂದಲೇ. ರಾಜನ ಕತ್ತಿನಲ್ಲಿ ಸಣ್ಣ ಬಿರುಕು ಕಂಡಿತು. ಒಣಗುವಾಗ ತಲೆ ಉರುಳಿಬಿದ್ದರೆ ಕಷ್ಟ ಎಂದು ಸೋಮವಾರ ಸಂಜೆ ಎರಡನ್ನೂ ಮೆಟ್ಟಿಲ ಮೇಲೇ ಅಡ್ಡ ಮಲಗಿಸಿ ಮನೆಗೆ ಬಂದೆ. ಬಿಸಿಯೂಟದ ನೀಲಮ್ಮ ಬೆಳಗ್ಗೆ ಕಸ ಗುಡಿಸಲು ಬಂದವರು ಪಟ್ಟದ ಗೊಂಬೆ ಮಲಗಿರುವುದನ್ನು ನೋಡಿದ್ದಾರೆ. ಅವರಿಗಿರಲಿ, ಮೈಸೂರಿನ ಯಾವ ಹೆಂಗಸಿಗಾದರೂ ಅದರ ಅರ್ಥ ಒಂದೇ. ನಾನು ಹೋಗುವಷ್ಟರಲ್ಲಿ ಅಷ್ಟೂ ಗೊಂಬೆ ಡ್ರಮ್ಮಿನ ನೀರಿನಲ್ಲಿ ಕರಗಿ, ನೀರು ನುಗ್ಗೆಮರದ ಬುಡ ಸೇರಿತ್ತು. "ಪಟ್ಟದ ಗೊಂಬೆ ಮಲಗ್ಸಿದ್ರಲ್ಲ ಮೇಡಂ, ಹಬ್ಬ ಮುಗೀತು ಅಂದ್ಕಂಡೆ. ಆರತಿ ಆದ ಮಣ್ಣು ಕಾಲಿಗೆ ಸಿಗಬಾರ್ದು ಅಂತ ನೀರಿಗೆ ಬುಟ್ಟೆ ಕಣಮ್ಮ" ಎಂದು ಅವರೂ ಅತ್ತರು. ಅವರನ್ನು ಯಾವ ಬಾಯಲ್ಲಿ ಬೈಯಲಿ?

ಉಳಿದ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಣ್ಣು ಕಲಸಿ ಕೂತರು. ಶಿವಾನಿ ಮಾತ್ರ ನುಗ್ಗೆಮರದ ಹತ್ತಿರ ನಿಂತೇ ಇದ್ದಳು. ನಿನ್ನೆ ಬರಲಿಲ್ಲ, ಇವತ್ತೂ ಇಲ್ಲ. ನಿನ್ನೆ ಅವರ ಮನೆಗೆ ಹೋಗಿದ್ದೆ. ಅವಳು ಅಮ್ಮನ ಪಕ್ಕ ಕೂತು ಊದುಬತ್ತಿ ಹೊಸೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಇಸ್ಕೂಲೇ ಬ್ಯಾಡ ಅಂತಾಳೆ ಮೇಡಂ, ನನಗೂ ಒಂದು ಕೈ ಆಯ್ತು ಬುಡಿ" ಅಂದರು ಅವಳಮ್ಮ. ಈ ಮನೆಗಳಲ್ಲಿ ಒಮ್ಮೆ ಕೆಲಸಕ್ಕೆ ಕೂತ ಹುಡುಗಿ ಮತ್ತೆ ಚೀಲ ಹೆಗಲಿಗೇರಿಸಿದ್ದನ್ನು ನಾನಂತೂ ನೋಡಿಲ್ಲ. ಶನಿವಾರ ಟ್ರಸ್ಟಿನವರು ಬರುತ್ತಾರೆ, ಮೇಲಿನ ಮೆಟ್ಟಿಲು ಖಾಲಿ ಇದೆ. ಮುಂದಿನ ಅನುದಾನ ಹೋದರೆ ಹೋಗಲಿ ಅತ್ತೆ. ಈ ಹುಡುಗಿ ಹೋದರೆ ಅದಕ್ಕೆ ನಾನೇ ಕಾರಣ. ದಿಕ್ಕೇ ತೋಚುತ್ತಿಲ್ಲ. ನೀವು ಇಲ್ಲಿದ್ದಿದ್ದರೆ ಏನಾದರೂ ದಾರಿ ಹೇಳುತ್ತಿದ್ದಿರಿ.

ಬಾಣಂತಿಗೆ ನನ್ನ ಪ್ರೀತಿ, ಪುಟ್ಟಿಗೆ ಮುತ್ತು. ನಿಮ್ಮ ಆಶೀರ್ವಾದ ಈಗ ಬೇಕಿರುವಷ್ಟು ಯಾವತ್ತೂ ಬೇಕಿರಲಿಲ್ಲ.

ನಿಮ್ಮ
ರಂಜನಿ

ಮರೆತ ಮಾತು: ಸಂಜೆ ಮನೆಯಿಂದ ಬರೆಯುತ್ತಿದ್ದೇನೆ, ನಿಮ್ಮ ಮಗ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಅವರಿಗೆ ಏನೂ ಗೊತ್ತಿಲ್ಲ. ಶಾಲೆ ಮುಗಿದ ಕೂಡಲೇ ಮನೆಗೆ ಬಂದು ನಿಮ್ಮ ಟ್ರಂಕಿನ ಬೀಗ ಒಡೆದೆ. ನಿಮ್ಮ ತಾಯಿ ಧಾರೆಯ ದಿನ ಕೊಟ್ಟ ಪಟ್ಟದ ಗೊಂಬೆಗಳನ್ನು ಸೆರಗಲ್ಲಿ ಸುತ್ತಿಕೊಂಡು ಹೋಗಿ ಶಿವಾನಿಯ ಮಡಿಲಲ್ಲಿ ಇಟ್ಟೆ. ಅವಳು ರಾಜನನ್ನು ಕೈಗೆತ್ತಿಕೊಂಡಳು. ರಾಜನ ಜರಿ ಪೇಟ ಬಿಚ್ಚಿ, ಅಪ್ಪನ ಕೆಂಪು ಟವೆಲ್ಲಿನ ತುಂಡು ಸುತ್ತಿದಳು. "ಇವ್ರನ್ನ ಮಲಗಿಸ್ಬೇಡಿ ಮಿಸ್, ನಾಳೆ ನಾನೇ ಎತ್ಕೊಂಡ್ ಬರ್ತೀನಿ" ಅಂದಳು. ಅವು ಪುಟ್ಟಿಗೆ ಎಂದು ನೀವು ಹೇಳಿದ್ದು ನನಗೆ ಮರೆತಿಲ್ಲ. ನನ್ನ ಮದುವೆಯಲ್ಲಿ ನಮ್ಮಮ್ಮನಿಗೆ ಪಟ್ಟದ ಗೊಂಬೆ ಕೊಡಲಾಗದಿದ್ದಾಗ ನೀವು ಒಂದು ಮಾತೂ ಆಡಲಿಲ್ಲ, ಅದೂ ಮರೆತಿಲ್ಲ. ಆದರೆ ಅವನ್ನು ಅವಳಿಂದ ವಾಪಸ್ ಕೇಳುವುದು ನನ್ನಿಂದಾಗದು ಅತ್ತೆ. ಕೇಳಲೇಬೇಕೆಂದರೆ ನೀವೇ ಬಂದು ಕೇಳಿ.